ಮುಂಬಾಗಿಲ ಹೊರೆ

"ಏ ಬಂಡಿ! ಮುಸುಡಿ ಆ ಕಡೆ ತಿರುಗಿಸ್ಕೊಂಡು ಮಾತಾಡೇ. ನಿನ್ನ ನಾತ ಇಲ್ಲೀತನಕ ಹೊಡೀತಿದೆ."

ಕಕ್ಕಸಿನ ಹಿಂಬದಿಯ ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ತಗಡಿನಿಂದ ಗೋರುತ್ತಿದ್ದವಳು ತಲೆಯೆತ್ತಿ ನೋಡಿದಳು. ಓಣಿಯ ತುದಿಯಲ್ಲಿ ಎಣ್ಣೆ ಸಾಹುಕಾರ ನಿಂತಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಇನ್ನೊಂದು ಕೈಯಲ್ಲಿ, ಬಟ್ಟೆ ನೆಲಕ್ಕೆ ತಾಗದಂತೆ ಎತ್ತಿ ಹಿಡಿದಿದ್ದ. ಗಂಡನ ಅಜ್ಜನ ಕಾಲದಿಂದ ಆ ಮನೆಯ ಹೇಲು ಹೊತ್ತಿದ್ದರೂ ಆ ಮನೆಯ ಗಂಡಸೊಬ್ಬ ಹಿತ್ತಿಲ ಓಣಿಗೆ ಕಾಲಿಟ್ಟದ್ದನ್ನು ಅವಳು ಕಂಡಿರಲೂ ಇಲ್ಲ, ಕೇಳಿರಲೂ ಇಲ್ಲ. ಎಲ್ಲೋ ಬೆಂಕಿ ಬಿದ್ದಿರಬೇಕು ಅಂದುಕೊಂಡಳು.

ಊರವರಿಗೆ ಅವಳು ಬರೀ ಬಂಡಿ. ಅವಳ ಕೇರಿಯವರು ಮಾತ್ರ ಕೊನೆಗೊಂದು ಅಕ್ಕ ಸೇರಿಸಿ ಬಂಡಿಯಕ್ಕ ಎನ್ನುತ್ತಿದ್ದರು.

"ಏನ್ ಧಣಿ?"

"ಆ ದಡದಿಂದ ಒಂದು ಸರಕು ತರ್ಬೇಕು."

ಅವಳ ಕೈಯಲ್ಲಿದ್ದ ತಗಡು ಠಣ್ಣೆಂದು ಕೆಳಗೆ ಬಿತ್ತು. "ನಿಮ್ಮ ಸರಕಿನ್ನೂ ಮುಗೀಲಿಲ್ವಾ ಧಣಿ? ಅದನ್ನ ಹೊತ್ತಿದ್ದಕ್ಕೇ ನಮ್ಮೋರು ಗೇಟಿನ ಲಾಕಪ್ಪಲ್ಲಿ ಕೊಳೀತಿರೋದು. ಸಾಲ್ದಾ?"

"ಮೆಲ್ಲಗೆ ಮಾತಾಡೇ! ಆ ಥರದ ಸರಕಲ್ಲ." ಸಾಹುಕಾರ ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ನಮ್ಮಮ್ಮ."

ಬಂಡಿಯಕ್ಕನಿಗೆ ತಾನು ಕೇಳಿದ್ದು ತಪ್ಪೇನೋ ಅನ್ನಿಸಿತು.

"ನಮ್ಮಮ್ಮ ಕಣೇ. ತಂಗಿ ಬಾಣಂತನಕ್ಕೆ ಅಂತ ಹೋದೋರು ಅಲ್ಲೇ ಸಿಕ್ಕಿಕೊಂಡ್ರು. ಈ ದಡದೋರನ್ನ ಅಲ್ಲಿ ಪೊಲೀಸ್ರು ಹುಡುಕಿ ಹುಡುಕಿ ಲಾರಿಗೆ ತುಂಬ್ತಿದಾರಂತೆ. ನಾಳೆ ನಾಡಿದ್ದರಲ್ಲಿ ತಂಗಿ ಬೀದಿಗೂ ಬರ್ತಾರೆ. ಗೇಟು ದಾಟೋದಕ್ಕೆ ಬಿಡೋದು ನಿಮ್ಮ ಬಂಡಿ ಒಂದನ್ನೇ."

"ನಿಮ್ಮಮ್ಮನ್ನ... ಈ ಪೀಪಾಯೀಲಾ?" ಬೇಡವೆಂದರೂ ಅವಳಿಗೆ ನಗು ಬಂದುಬಿಟ್ಟಿತು.

"ನಗ್ತೀಯೇನೇ ಮುಂಡೆ! ನಾಲಿಗೆ ಸೀಳಿಸ್ಬಿಡ್ತೀನಿ!"

ನಗು ನಿಂತಿತು. ಅವಳು ಕೈಯನ್ನು ಗೋಡೆಗೆ ಒರೆಸಿಕೊಂಡಳು. "ನಮ್ಮೋರು?"

"ಅಮ್ಮ ಈ ಹಿತ್ತಿಲ ಬಾಗಿಲು ಸೇರಿದ ದಿನವೇ ನಿನ್ನ ಗಂಡ ನಿನ್ನ ಗುಡಿಸಲು ಸೇರ್ತಾನೆ. ಪುರಸಭೆ ಅಧ್ಯಕ್ಷ ನಾನು. ನನ್ನ ಒಂದು ಮಾತು ಸಾಕು."

"ಒಂದು ಮಾತು ಸಾಕಿದ್ರೆ ಇಷ್ಟು ದಿನ ಯಾಕೆ ಆಡ್ಲಿಲ್ಲ ಧಣಿ?"

ಸಾಹುಕಾರ ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡ. "ನಾಳೆ ಬೆಳಿಗ್ಗೆ. ಬರೋದು ಈ ಓಣೀಲೇ. ಒಂದು ನರಪಿಳ್ಳೆಗೂ ಗೊತ್ತಾಗ್ಬಾರ್ದು" ಎಂದು ಹೇಳಿ, ಒದ್ದೆ ಕಲ್ಲುಗಳನ್ನು ತಪ್ಪಿಸಿ ಕಾಲಿಡುತ್ತ, ಬಂದ ದಾರಿಯಲ್ಲೇ ಹೊರಟುಹೋದ.

ಆ ಊರಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಬೇಸಿಗೆಯಲ್ಲಿ ಎಮ್ಮೆಯ ಮೊಣಕಾಲೂ ಒದ್ದೆಯಾಗದಷ್ಟು ನೀರು. ಅದರ ಎರಡೂ ದಡಕ್ಕೆ ಬೆಟ್ಟದಿಂದ ಉಣ್ಣೆಯವರು ಇಳಿದು ಬಂದಿದ್ದರು, ಬಯಲಿನಿಂದ ಎಣ್ಣೆ ಧಾನ್ಯದವರು ಬಂದಿದ್ದರು, ಕಾಡಿನಂಚಿನಿಂದ ಮರದ ವ್ಯಾಪಾರದವರು, ಯಾವುದೋ ಯುದ್ಧಕ್ಕೆ ಹೆದರಿ ಓಡಿಬಂದ ಕಮ್ಮಾರರು. ನಾಲ್ಕು ಭಾಷೆ, ನಾಲ್ಕು ಬಗೆಯ ಪ್ರಾರ್ಥನೆ, ನಾಲ್ಕು ಸ್ಮಶಾನ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಮುಟ್ಟುತ್ತಿರಲಿಲ್ಲ. ಆದರೆ ಎಲ್ಲರಿಗೂ ಬೆಳಗಾದರೆ ಹೊಟ್ಟೆ ಖಾಲಿಯಾಗಬೇಕಿತ್ತು. ಅದಕ್ಕೆಂದು ಬಂಡಿಯಕ್ಕನ ಹಿರೀಕರನ್ನು ಯಾರು ಎಲ್ಲಿಂದ ಹೊಡೆದುಕೊಂಡು ಬಂದರೋ ಯಾರಿಗೂ ನೆನಪಿಲ್ಲ. ಊರಿನ ಚರಿತ್ರೆಯನ್ನು ಬರೆಸಿ ಪುರಸಭೆಯ ಗೋಡೆಗೆ ಹಾಕಿದ ಕಲ್ಲಿನಲ್ಲಿ ನಾಲ್ಕೂ ಜನಾಂಗದ ಹೆಸರಿತ್ತು. ಐದನೆಯದು ಇರಲಿಲ್ಲ. ಆ ಐದನೆಯವರು ನಾಲ್ಕೂ ಭಾಷೆಗಳನ್ನು ಬೈಗುಳದಿಂದಲೇ ಕಲಿತಿದ್ದರು.

ದೂರದ ಯಾವುದೋ ಊರಿನಲ್ಲಿ ಕೂತವರು ಆ ಹಳ್ಳದ ಮೇಲೆ ಗೆರೆ ಎಳೆದರು. ತಂತಿಬೇಲಿ ಬಂತು, ಗೇಟು ಬಂತು, ಕೋವಿಗಳು ಬಂದವು. ಹಾಲು ದಾಟುವುದು ನಿಂತಿತು, ಮದುವೆಯ ದಿಬ್ಬಣ ನಿಂತಿತು, ಹೆಣವೂ ನಿಂತಿತು. ಆದರೆ ಕಕ್ಕಸು ಸುರಿಯುವ ಹೊಂಡಗಳು ಆ ದಡದಲ್ಲಿದ್ದವು. ಗೇಟಿನ ಸಾಹೇಬನ ಸ್ವಂತ ಕಕ್ಕಸು ತುಂಬಿ ಅವನ ಅಂಗಳಕ್ಕೇ ಹರಿದು ಬಂದಾಗ ಎರಡೂ ಸರ್ಕಾರಗಳಿಗೆ ಜ್ಞಾನೋದಯವಾಯಿತು. ಮನುಷ್ಯರು ದಾಟಕೂಡದು, ಹೇಲು ದಾಟಬಹುದು ಎಂದು ಅಪ್ಪಣೆಯಾಯಿತು.

ಎಣ್ಣೆ ಸಾಹುಕಾರನಿಗೆ ಈ ಅಪ್ಪಣೆಯ ವಾಸನೆ ಎಲ್ಲರಿಗಿಂತ ಮೊದಲು ಹತ್ತಿತು. ಹೊಂಡಕ್ಕೆ ಸುರಿದು ಖಾಲಿ ಬರುವ ಪೀಪಾಯಿಗಳಲ್ಲಿ ಅವನು ಕದ್ದು ತರಿಸುವ ಬಟ್ಟೆಯ ಗಂಟುಗಳು ಬರತೊಡಗಿದವು. ಬಂಡಿಯಕ್ಕನ ಗಂಡ, ಕೇರಿಯಲ್ಲೆಲ್ಲ ಎತ್ತರದವನು, ಉದ್ದಣ್ಣ ಎಂದೇ ಅವನ ಹೆಸರು, ಬೇಡವೆಂದದ್ದಕ್ಕೆ ಗುಡಿಸಲು ಕೀಳಿಸುತ್ತೇನೆಂದು ಸಾಹುಕಾರ ಹೆದರಿಸಿದ. ಉದ್ದಣ್ಣ ತಂದ. ಹೊಸದಾಗಿ ಬಂದ ಪೇದೆಯೊಬ್ಬ ಮೂಗು ಮುಚ್ಚಿಕೊಂಡು ಪೀಪಾಯಿಗೆ ಕಬ್ಬಿಣದ ಸರಳು ಚುಚ್ಚಿದ. ಸರಳಿನ ತುದಿಗೆ ರೇಷ್ಮೆ ಸಿಕ್ಕಿಕೊಂಡು ಬಂತು. ಯಾರದೆಂದು ಕೇಳಿ ಕೇಳಿ ಹೊಡೆದರು. ಉದ್ದಣ್ಣ ಬಾಯಿ ಬಿಡಲಿಲ್ಲ. ಸಾಹುಕಾರ ಮಾರನೇ ದಿನವೇ ಗೇಟಿನ ಮುಂದೆ ನಿಂತು, ಆ ದಡದಿಂದ ಒಂದು ಇರುವೆಯನ್ನೂ ಈ ದಡಕ್ಕೆ ಬಿಡಬಾರದು ಎಂದು ಭಾಷಣ ಮಾಡಿದ. ಜನ ಚಪ್ಪಾಳೆ ತಟ್ಟಿದರು.

ಅಂದು ಸಂಜೆ ಬಂಡಿಯಕ್ಕ ವಿಷಯ ಹೇಳಿದಾಗ ಅವಳ ಅತ್ತೆ ಗೋಡೆಗೊರಗಿ ಕೂತಿದ್ದಳು. ಪೀಪಾಯಿ ಎಳೆದೆಳೆದು ಸೊಂಟ ಬಿದ್ದುಹೋದ ಹೆಂಗಸು. ಬಾಯಿ ಮಾತ್ರ ಬಿದ್ದಿರಲಿಲ್ಲ.

"ಹೊಳೆ ದಾಟಿದ್ಮೇಲೆ ಅಂಬಿಗ ಮಿಂಡ. ಗೊತ್ತಿಲ್ವೇನೇ ನಿಂಗೆ?"

"ಗೊತ್ತು ಅತ್ತೆ. ಬೇರೆ ದಾರಿ ಇದ್ರೆ ಹೇಳು."

ಅತ್ತೆ ಬಾಗಿಲ ಕಡೆ ತಿರುಗಿದಳು. ಹೊರಗೆ ಯಾರೋ ಬಂಡಿಯ ಗಾಲಿಗೆ ಗ್ರೀಸು ಹಚ್ಚುತ್ತಿದ್ದರು. "ಆ ಸೂಳೆಮಗನ ಹೆಸರು ನನ್ನ ಮಗ ಯಾಕೆ ಹೇಳ್ಲಿಲ್ವೋ. ಅಷ್ಟು ಒದೆ ತಿಂದು ಯಾಕೆ ಸುಮ್ನಿದ್ದ ಆ ಪೆದ್ದು ಮುಂಡೇದು" ಎಂದು ಕಣ್ಣೊರೆಸಿಕೊಂಡಳು. "ಹೋಗು. ಆ ಮುದುಕೀನ ತಲೆ ಮೇಲೆ ಹೊತ್ತಾದ್ರೂ ತಂದು ಹಾಕು. ನನ್ನ ಮಗ ಮನೆಗೆ ಬರ್ಲಿ."

ಬೆಳಿಗ್ಗೆ ಬಂಡಿಯಕ್ಕ ಹೊಂಡಕ್ಕೆ ಸುರಿದ ಮೇಲೆ ಪೀಪಾಯಿಯನ್ನು ಹಳ್ಳದ ಮರಳಿನಿಂದ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಮತ್ತೆ ಮರಳಿನಿಂದ ತಿಕ್ಕಿದಳು. ತಳಕ್ಕೆ ಒಣಹುಲ್ಲು ಹಾಸಿದಳು. ತನ್ನ ಗಂಡನಿಗಾಗಿ ಹಾಸುತ್ತಿದ್ದೇನೆ ಎಂದುಕೊಂಡೇ ಹಾಸಿದಳು, ಇಲ್ಲದಿದ್ದರೆ ಕೈ ಏಳುತ್ತಿರಲಿಲ್ಲ.

ಸಾಹುಕಾರನ ತಂಗಿಯ ಮನೆಯ ಹಿತ್ತಿಲಲ್ಲಿ ಇಬ್ಬರು ಆಳುಗಳು ಮುದುಕಿಯನ್ನು ನಡೆಸಿಕೊಂಡು ಬಂದರು. ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದ ಆ ಹೆಂಗಸನ್ನು ಬಂಡಿಯಕ್ಕ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ದನಿಯ ಪರಿಚಯ ಮಾತ್ರ ಚೆನ್ನಾಗಿತ್ತು. ಮಹಡಿಯ ಕಿಟಕಿಯಿಂದ ಓಣಿಗೆ ಬೀಳುತ್ತಿದ್ದ ದನಿ ಅದು.

"ಇದರೊಳಗಾ? ನಾನಾ?"

"ಹೌದಮ್ಮಾವ್ರೇ. ನಿಮ್ಮಂಥೋರ ಹೊಟ್ಟೇಲಿ ಇದ್ದದ್ದೇ ಇದರೊಳಗೂ ಇದ್ದದ್ದು. ಹೊರಗಿನದೇನಲ್ಲ."

"ಎದುರು ಮಾತಾಡ್ತಾಳೆ ನೋಡು ಹೊಲಸು ಬಾಯಿಯೋಳು!"

ಆಳುಗಳು ಏಣಿ ಇಟ್ಟರು. ಪೀಪಾಯಿಯ ಅಂಚಿಗೆ ಬಂದಾಗ ಮುದುಕಿಯ ಕಾಲು ಜಾರಿತು. ಬಂಡಿಯಕ್ಕ ಥಟ್ಟನೆ ಕೈ ಚಾಚಿದಳು.

"ಮುಟ್ಟಬೇಡ! ಕೈ ತೆಗಿಯೇ ದರಿದ್ರದೋಳೇ!"

ಬಂಡಿಯಕ್ಕ ಕೈ ತೆಗೆದಳು. ಮುದುಕಿ ಧೊಪ್ಪೆಂದು ಒಳಗೆ ಬಿದ್ದಳು. ಮಂಡಿ ಲಟಕ್ಕೆಂದ ಸದ್ದು ಹೊರಗೂ ಕೇಳಿಸಿತು. ಕೂಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡು ನರಳಿದಳು. ಬಾಗಿಲ ಸಂದಿಯಲ್ಲಿ ನಿಂತು ಅಳುತ್ತಿದ್ದ ಮಗಳು ಬಾಗಿಲು ಹಾಕಿಕೊಂಡಳು. ಬಂಡಿಯಕ್ಕ ಉಸಿರಾಡಲು ಒಂದಿಷ್ಟು ಸಂದಿ ಬಿಟ್ಟು ಮುಚ್ಚಳ ಹೊದಿಸಿ, ಬಂಡಿಯ ಮೂಕಿ ಎತ್ತಿ ಎಳೆದಳು. ತುಂಬಿದ ಪೀಪಾಯಿಗಿಂತ ಹಗುರವಾಗಿತ್ತು.

ಗೇಟಿನಲ್ಲಿ ಮೀಸೆ ಪೇದೆ ಇದ್ದ. ಸರಳು ಚುಚ್ಚಿದ ಹೊಸಬನಿಗೆ ವರ್ಗವಾಗಿತ್ತು. ಇವನು ಒಳ್ಳೆಯವನೆಂದು ಕೇರಿಯಲ್ಲಿ ಹೆಸರು, ಅಂದರೆ ಬೂಟುಗಾಲಿನಲ್ಲಿ ಒದೆಯುತ್ತಿರಲಿಲ್ಲ. ದೂರದಿಂದಲೇ ಹೋಗೆಂದು ಕೈ ಬೀಸಿದವನು, ಅವಳ ಮುಖ ಕಂಡು ಎರಡು ಹೆಜ್ಜೆ ಮುಂದೆ ಬಂದ.

"ಏನೇ, ಗಂಡ ಸತ್ರೂ ರಜಾ ಇಲ್ವಾ ನಿಮ್ಮ ಜನಕ್ಕೆ?"

ಅವಳ ಕೈ ಮೂಕಿಯ ಮೇಲೇ ಇತ್ತು. "ಯಾರ ಗಂಡ?"

"ನಿಂದೇ ಕಣೇ. ಆ ಉದ್ದದೋನು. ಅಯ್ಯೋ, ಯಾರೂ ಹೇಳ್ಲಿಲ್ವಾ?" ಪೇದೆ ಮೀಸೆ ಉಜ್ಜಿಕೊಂಡ. "ಸಂತೆ ದಿನ ಹೋಗ್ಬಿಟ್ಟ. ಎದೆನೋವು ಅಂತ ಬರ್ಕೊಂಡಿದಾರೆ. ಏನೋ, ನಂಗೊತ್ತಿಲ್ಲ, ನಾನು ಆಗ ಡ್ಯೂಟೀಲಿ ಇರ್ಲಿಲ್ಲ. ನಿಮ್ಮ ಅಧ್ಯಕ್ಷರಿಗೆ ಅವತ್ತೇ ಹೇಳಿ ಕಳ್ಸಿದ್ವಲ್ಲ. ಅವರೇ ಬಂದು, ಮನೆಯೋರಿಗೆ ನಾನು ತಿಳಿಸ್ತೀನಿ, ಹೆಣ ಕೊಟ್ರೆ ಗಲಾಟೆ ಆಗತ್ತೆ, ಇಲ್ಲೇ ಹೂತುಬಿಡಿ ಅಂದ್ರು. ಲಾಕಪ್ಪಿನ ಹಿಂದೆ ಹೂತ್ವಿ."

ಸಂತೆಯ ದಿನ. ಸಾಹುಕಾರ ಹಿತ್ತಿಲ ಓಣಿಗೆ ಬಂದದ್ದು ಸಂತೆ ಕಳೆದ ಮೇಲೆ. ಬಂಡಿಯಕ್ಕನಿಗೆ ಅಳು ಬರಲಿಲ್ಲ. ಲಾಕಪ್ಪಿನ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲೆ ಪೇದೆಗಳ ಬನಿಯನ್ನುಗಳು ಒಣಗುತ್ತಿದ್ದವು.

"ಹೋಗು ಹೋಗು, ನಾತ ತಡಿಯಕ್ಕಾಗಲ್ಲ" ಎಂದ ಪೇದೆ. ಅದನ್ನು ಆದಷ್ಟು ಮೆದುವಾಗಿಯೇ ಹೇಳಿದ.

ಗೇಟು ದಾಟಿ ಸ್ವಲ್ಪ ದೂರ ಹೋಗಿ ಅವಳು ನಿಂತಳು. ಕಾಲು ತಾನಾಗಿ ನಿಂತಿತು. ಪೀಪಾಯಿಯೊಳಗಿಂದ ಬೆರಳಿನಲ್ಲಿ ಕುಟ್ಟಿದ ಸದ್ದು ಬಂತು.

"ಯಾಕೆ ನಿಂತೆ? ಎಳಿ."

"ಅವನು ಹೇಳಿದ್ದು ಕೇಳಿಸ್ತಾ ಅಮ್ಮಾವ್ರೇ?"

ಒಳಗೆ ಹುಲ್ಲು ಸರಸರ ಎಂದಿತು. ಆಮೇಲೆ, "ಕೇಳಿಸ್ತು. ಸತ್ತೋನು ಸತ್ತ. ನನಗಿಲ್ಲಿ ಉಸಿರು ಕಟ್ತಿದೆ. ಕಾಲು ಮುರ್ದುಹೋಗಿದೆ. ಎಳಿಯೇ, ಮನೆ ಸೇರಿಸು. ಮಗನಿಗೆ ಹೇಳಿ ನಿಂಗೊಂದು ಹೊಸ ಬಂಡಿ ಕೊಡಿಸ್ತೀನಿ."

ಬಂಡಿಯಕ್ಕ ಮೂಕಿ ಎತ್ತಿದಳು.

ಮರದ ಅಡ್ಡೆಯ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹಿತ್ತಿಲ ಓಣಿ, ಗೋಡೆಗಳ ನಡುವೆ, ಚರಂಡಿಯ ಪಕ್ಕ. ಬಲಕ್ಕೆ ಅಂಗಡಿ ಬೀದಿ. ಅಂಗಡಿ ಬೀದಿಯಲ್ಲಿ ಹೇಲಿನ ಬಂಡಿ ಬರಕೂಡದೆಂಬುದು ಪುರಸಭೆಯ ಕಾನೂನು. ಅದಕ್ಕಿಂತ ಮುಂಚೆ ಅದು ಕೇರಿಯವರ ಬೆನ್ನಿನ ಮೇಲಿನ ಬಾಸುಂಡೆಯ ಕಾನೂನು. ಬಂಡಿಯಕ್ಕನ ಗಾಲಿಗಳು ಅಷ್ಟು ವರ್ಷ ಎಡಕ್ಕೇ ತಿರುಗಿದ್ದವು, ಕಣ್ಣು ಮುಚ್ಚಿದರೂ ಎಡಕ್ಕೇ ತಿರುಗುತ್ತಿದ್ದವು. ಇಂದು ಅವಳು ಮೈಭಾರವನ್ನೆಲ್ಲ ಹಾಕಿ ಬಲಕ್ಕೆ ತಿರುಗಿಸಿದಳು.

ಕಲ್ಲು ಹಾಸಿದ ಬೀದಿಯಲ್ಲಿ ಕಬ್ಬಿಣದ ಗಾಲಿಗಳು ಗುಡುಗಿದವು. ಮೊದಲು ಉಣ್ಣೆ ಅಂಗಡಿಯವನು ಗದ್ದುಗೆಯಿಂದ ಧಡಕ್ಕನೆ ಎದ್ದ. ಆಮೇಲೆ ಕಮ್ಮಾರ ಸುತ್ತಿಗೆ ಹಿಡಿದುಕೊಂಡೇ ಹೊರಗೆ ಬಂದ. ಕೊಳ್ಳಲು ಬಂದ ಹೆಂಗಸರು ಸೆರಗು ಮೂಗಿಗೊತ್ತಿ ಗೋಡೆಗೆ ಅಂಟಿಕೊಂಡರು. ನಾಲ್ಕೂ ಭಾಷೆಯಲ್ಲಿ ಬೈಗುಳ ಬಿದ್ದವು. ಎಂದೂ ಒಂದಾಗದ ನಾಲ್ಕು ಜನಾಂಗ ಅಂದು ಬೀದಿಯಲ್ಲಿ ಒಂದೇ ಬಾಯಾಗಿತ್ತು. ಯಾರೋ ಎಸೆದ ಕೊಳೆತ ಈರುಳ್ಳಿ ಅವಳ ಭುಜಕ್ಕೆ ಬಡಿದು ಸಿಡಿಯಿತು.

"ದಾರಿ ತಪ್ಪಿತೇನೇ ಮುಂಡೆ!" ಎಂದು ಮರದ ವ್ಯಾಪಾರಿ ಅಡ್ಡ ಬಂದ.

ಅವಳು ನಿಂತು ಅವನ ಮುಖವನ್ನೇ ನೋಡಿದಳು. ಹುಟ್ಟಿದಾಗಿನಿಂದ ಆ ಮಾತನ್ನು ಎಷ್ಟು ಬಾಯಿಂದ ಕೇಳಿದ್ದಳೋ. ಕೂಸಾಗಿದ್ದಾಗ ಕೇಳಿದ್ದಳು, ಮದುವೆಯಾದ ಮರುದಿನ ಕೇಳಿದ್ದಳು, ಗಂಡ ಪಕ್ಕದಲ್ಲೇ ನಡೆಯುತ್ತಿದ್ದಾಗಲೂ ಕೇಳಿದ್ದಳು.

"ಹೌದು, ಮುಂಡೆ" ಎಂದಳು. "ಇಷ್ಟು ದಿನ ಸುಳ್ಳು ಸುಳ್ಳೇ ಕರೀತಿದ್ರಿ. ಈಗ ನಿಜ ಮಾಡಿದೀರ. ದಾರಿ ಬಿಡು."

ವ್ಯಾಪಾರಿ ಏನು ಅರ್ಥ ಮಾಡಿಕೊಂಡನೋ, ದಾರಿ ಬಿಟ್ಟ.

ಸಾಹುಕಾರನ ಮನೆಯ ಜಗಲಿಯಲ್ಲಿ ಪುರಸಭೆಯ ಸದಸ್ಯರು ಕೂತಿದ್ದರು. ಬೇಲಿಗೆ ಇನ್ನೊಂದು ಸುತ್ತು ತಂತಿ ಹಾಕಿಸುವ ಮಾತು ನಡೆದಿತ್ತು. ಕೆಳಗೆ ಮೆಟ್ಟಿಲ ಬಳಿ ಪುರಸಭೆಯ ಕಾವಲಿಗೆಂದು ಪೊಲೀಸಿನವನೊಬ್ಬ ನಿಂತಿದ್ದ. ಗಾಲಿಯ ಗುಡುಗು ಬಂದು ಮೆಟ್ಟಿಲ ಮುಂದೆ ನಿಂತಾಗ ಸಾಹುಕಾರನ ಕೈಯಲ್ಲಿದ್ದ ಚಹದ ಲೋಟ ಹಾಗೇ ನಿಂತಿತು.

"ಯಾರ್ರೀ ಇವಳನ್ನ ಈ ಬೀದಿಗೆ ಬಿಟ್ಟೋರು? ಹಿಂದಕ್ಕೆಳಿ! ಹಿತ್ತಿಲ ಓಣಿಗೆ ಹೋಗೇ!"

"ಹೋಗಲ್ಲ. ನಮ್ಮೋರು ಸತ್ತ ಸುದ್ದಿ ನಿಂಗ್ಯಾವಾಗ ಬಂತು?"

ಧಣಿ ಎಂಬ ಮಾತು ಅವಳ ಬಾಯಿಂದ ಉದುರಿಹೋಗಿತ್ತು. ಅದು ಸಾಹುಕಾರನಿಗಿಂತ ಮುಂಚೆ ಜಗಲಿಯಲ್ಲಿದ್ದವರಿಗೆ ತಿಳಿಯಿತು.

"ಯಾರೇ ನಿಮ್ಮೋರು? ಕುಡ್ದು ಬಂದಿದೀಯಾ?"

"ನಿನ್ನ ರೇಷ್ಮೆ ಗಂಟು ಹೊತ್ತೋರು. ಸಂತೆ ದಿನ ಅವರನ್ನ ಮಣ್ಣಿಗೆ ಹಾಕಿಸ್ದೆ. ಆಮೇಲೆ ನಾನಿದ್ದಲ್ಲಿಗೆ ಬಂದು, ಗಂಡನ್ನ ಬಿಡಿಸ್ತೀನಿ ಅಂದೆ. ಹೆಣದ ಆಸೆ ತೋರಿಸಿ ಗೇಯಿಸ್ಕೊಂಡ್ಯಲ್ಲೋ!"

ಪೊಲೀಸಿನವನು ಲಾಠಿ ಎತ್ತಿಕೊಂಡು ಬಂದ. ಪೀಪಾಯಿಯ ವಾಸನೆಯ ಗೆರೆಗೆ ಬಂದು ನಿಂತುಬಿಟ್ಟ. ಅಷ್ಟರಲ್ಲಿ ಒಳಗಿನಿಂದ ಸಣ್ಣಗೆ ದನಿ ಬಂತು.

"ಪುಟ್ಟಾ... ಮನೆ ಬಂತೇನೋ? ಕಾಲು ಮುರ್ದಿದೆ ಕಣೋ ಮಗಾ. ಎತ್ಕೊಳ್ಳೋ."

ಜಗಲಿಯಲ್ಲಿ ಎಲ್ಲರೂ ಕಲ್ಲಾದರು. ಆ ದನಿ ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಉಣ್ಣೆಯವರ ಹಿರಿಯ ಎದ್ದು ನಿಂತವನು ಪೊಲೀಸಿನವನನ್ನು ನೋಡಿ ಮೆಲ್ಲಗೆ ಕೂತ. ಆ ದಡದಿಂದ ಕದ್ದು ಕರೆಸಿದವರಿಗೆ ಜೈಲು ಎಂಬ ಠರಾವಿಗೆ ಅವರೆಲ್ಲ ಕೈಯೆತ್ತಿದ್ದರು. ಮೊದಲು ಎದ್ದ ಕೈ ಸಾಹುಕಾರನದೇ.

ಬಂಡಿಯಕ್ಕ ಮುಚ್ಚಳ ತೆಗೆದು ಬೀದಿಗೆಸೆದಳು. ಪೀಪಾಯಿಯ ಅಂಚಿನ ಮೇಲೆ ಮುದುಕಿಯ ತಲೆ ಕಂಡಿತು. ಬಿಳಿ ಕೂದಲಿಗೆ ಹುಲ್ಲು ಮೆತ್ತಿತ್ತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮಗನನ್ನು ಹುಡುಕುತ್ತಿದ್ದಳು.

"ಇಳಿಸ್ಕೋ" ಎಂದಳು ಬಂಡಿಯಕ್ಕ. "ನಿಮ್ಮ ಮನೇದೆಲ್ಲ ಇಲ್ಲೀತನಕ ನಾವೇ ಎತ್ತಿದೀವಿ. ಇದೊಂದನ್ನ ನೀನು ಎತ್ತು."

ಸಾಹುಕಾರ ಒಂದು ಮೆಟ್ಟಿಲು ಇಳಿದ. ಇನ್ನೊಂದು ಇಳಿದ. ಕೈ ಕೂಡ ಮುಂದೆ ಬಂತು. ಪೀಪಾಯಿಯ ಹೊರಮೈಗೆ ವರ್ಷಗಳಿಂದ ಅಂಟಿ ಕಪ್ಪಾಗಿದ್ದನ್ನು ನೋಡಿದ, ಪೊಲೀಸಿನವನನ್ನು ನೋಡಿದ, ಹಿಂದೆ ಕೂತಿದ್ದ ಸದಸ್ಯರನ್ನು ನೋಡಿದ. ಕೈ ಹಿಂದಕ್ಕೆ ಹೋಯಿತು.

"ಯಾವಳೋ ಹುಚ್ಚಿ" ಎಂದ. "ನಮ್ಮಮ್ಮ... ನಮ್ಮಮ್ಮ ಆ ದಡದಲ್ಲಿ ತಂಗಿ ಮನೇಲಿದಾರೆ."

"ಪುಟ್ಟಾ?"

ಅವನು ತಿರುಗಿ ಒಳಗೆ ಹೋದ. ಬಾಗಿಲ ಅಗುಳಿ ಬಿದ್ದ ಸದ್ದು ಬೀದಿಯ ಆಚೆಗೂ ಕೇಳಿಸಿತು. ಸದಸ್ಯರು ಒಬ್ಬರ ಹಿಂದೊಬ್ಬರು, ಏನೂ ನೋಡದವರ ಹಾಗೆ, ಜಗಲಿಯ ಇನ್ನೊಂದು ತುದಿಯಿಂದ ಇಳಿದು ಹೊರಟರು.

ಬಂಡಿಯಕ್ಕ ಮೂಕಿಯನ್ನು ಮೆಟ್ಟಿಲ ಮೇಲೆ ಇಟ್ಟು ಕೈ ಬಿಟ್ಟಳು.

"ಏ, ಎಲ್ಲಿಗೆ ಹೋಗ್ತೀಯೇ? ಏ! ನನ್ನ ಕೈ ಹಿಡಿದು ಇಳಿಸೇ!" ಮುದುಕಿ ಎರಡೂ ಕೈ ಹೊರಗೆ ಚಾಚಿದಳು.

"ಮುಟ್ಟಬೇಡ ಅಂದ್ರಲ್ಲ ಅಮ್ಮಾವ್ರೇ" ಎಂದು ಹೇಳಿ ಅವಳು ನಡೆದಳು. ಬೀದಿಯ ನಡುವೆಯೇ ನಡೆದಳು. ಯಾರೂ ಏನೂ ಎಸೆಯಲಿಲ್ಲ.

ಕೇರಿಗೆ ಬಂದಾಗ ಅತ್ತೆ ಮಗನ ಸ್ನಾನಕ್ಕೆಂದು ನೀರು ಕಾಯಿಸುತ್ತಿದ್ದಳು. ಸೊಸೆಯ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಒಲೆಗೆ ಹಾಕಲು ಹಿಡಿದಿದ್ದ ಕಟ್ಟಿಗೆಯನ್ನು ಕೆಳಗಿಟ್ಟಳು. ಕೇಳಲಿಲ್ಲ. ಬಂಡಿಯಕ್ಕನಿಗೂ ಹೇಳುವುದು ಬೇಕಾಗಲಿಲ್ಲ. ಅತ್ತೆ ಎದೆಗೆ ಹೊಡೆದುಕೊಂಡ ಸದ್ದಿಗೆ ಕೇರಿಯವರೆಲ್ಲ ಬಂದರು. ಆಗ ಬಂಡಿಯಕ್ಕನಿಗೆ ಅಳು ಬಂತು. ಅತ್ತತ್ತು ದನಿ ಸತ್ತ ಮೇಲೆ ಪೂರ್ತಿ ಕಥೆ ಹೇಳಿದಳು. ಕೇಳಿದ ಗಂಡಸರು ಎದ್ದು ಹೋಗಿ, ತಮ್ಮ ತಮ್ಮ ಬಂಡಿಗಳನ್ನು ಎಳೆದು ತಂದು ಕೇರಿಯ ಬಾಯಿಗೆ ಅಡ್ಡ ನಿಲ್ಲಿಸಿದರು.

ಬಿಸಿಲು ಇಳಿಯುವ ಮುಂಚೆ ಅದೇ ಪೊಲೀಸಿನವನು ಬಂದ. ಬಂಡಿಗಳ ಆಚೆಯೇ ನಿಂತು ಕೂಗಿದ.

"ಏ ಬಂಡಿ! ಬಂದು ಆ ಪೀಪಾಯಿ ತೆಗಿಯೇ. ಇಡೀ ಬೀದಿ ಅಂಗಡಿ ಮುಚ್ಕೊಂಡು ಕೂತಿದೆ. ಬರ್ತೀಯೋ, ಒದ್ದು ಎಳ್ಕೊಂಡು ಹೋಗ್ಲೋ?"

ಅತ್ತೆ ಗೋಡೆ ಹಿಡಿದು ಎದ್ದಳು. ಎಷ್ಟೋ ಕಾಲದ ಮೇಲೆ ತನ್ನ ಕಾಲ ಮೇಲೆ ನಿಂತಳು.

"ನೀವೇ ತೆಗೀರಿ. ಕೈ ಇಲ್ವಾ ನಿಮ್ಗೆ?"

"ಅದು ನಮ್ಮ ಕೆಲ್ಸ ಅಲ್ಲ ಮುದುಕಿ."

"ಹಾಗಾದ್ರೆ ನಿಮ್ಮ ಕೆಲ್ಸ ಮೊದ್ಲು ಮಾಡಿ. ಲಾಕಪ್ಪಿನ ಹಿಂದೆ ನನ್ನ ಮಗ ಇದಾನೆ. ಅಗೆದು, ತಂದು, ಈ ಹೊಸ್ತಿಲ ಮುಂದೆ ಮಲಗಿಸಿ. ಆಮೇಲೆ ಆ ಸಾಹುಕಾರನ ಅಮ್ಮನ್ನ ಇಳಿಸ್ತೀವಿ."

ಪೊಲೀಸಿನವನು ಲಾಠಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಬಂಡಿಗಳ ಹಿಂದೆ ನಿಂತಿದ್ದ ಗಂಡಸರ ಕೈಯಲ್ಲಿ ಗೋರುವ ತಗಡುಗಳಿದ್ದವು. ಅವನ ದನಿ ಸ್ವಲ್ಪ ಇಳಿಯಿತು. "ನೀರು ಕೊಡೋಣ ಅಂತ ಯಾರೋ ಗಳದ ತುದಿಗೆ ಚೆಂಬು ಕಟ್ಟಿ ಚಾಚಿದ್ರು. ಅವಳ ಮೈಮೇಲೇ ಚೆಲ್ಲಿಹೋಯ್ತು. ಮೊದ್ಲು ಮಗನ್ನ ಕರೀತಿದ್ಲು" ಎಂದ. "ಈಗ ನಿನ್ನನ್ನೇ ಕರೀತಿದಾಳೆ ಕಣೇ ಬಂಡಿ. ಮಧ್ಯಾಹ್ನದಿಂದ ನಿನ್ನನ್ನೇ."

ಬಂಡಿಯಕ್ಕ ಎದ್ದು ನಿಂತಳು. ಕೇರಿಯವರೆಲ್ಲ ಅವಳ ಕಡೆ ತಿರುಗಿದರು. ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ಇವಳ ಮುಖ ನೋಡಲಿಲ್ಲ, ಆರಿಹೋಗುತ್ತಿದ್ದ ಒಲೆಯ ಕಡೆ ನೋಡುತ್ತಿದ್ದಳು.

ಬಂಡಿಯಕ್ಕ ಮತ್ತೆ ಕೂತಳು.